ಹೇಳಬಾರದ ಅಂಕ

“ಸಂದರ್ಶನದಲ್ಲಿ ಅಪ್ಪಿತಪ್ಪಿನೂ ಅಂಕದ ಸುದ್ದಿ ಎತ್ತಬೇಡ,” ಎಂದರು ಅಪ್ಪ, ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಮಗಳನ್ನು ತಡೆದು ನಿಲ್ಲಿಸಿ. “ಅವರೇ ಕೇಳಿದ್ರೆ ನಗು. ಸಮಾಜಸೇವೆ ಅಂತ ಏನಾದ್ರೂ ಹೇಳು.”

ಮಗಳು ತಲೆಯಾಡಿಸಿದಳು.

ಅರ್ಜಿಯಲ್ಲಿ ಪ್ರವೇಶ ಪರೀಕ್ಷೆಯ ಅಂಕ ಕೊಡುವುದು ಇನ್ನು ಕಡ್ಡಾಯವಲ್ಲ, ತಮಗೆ ಬೇಕಾದದ್ದು ವ್ಯಕ್ತಿತ್ವ ಎಂದು ವಿಶ್ವವಿದ್ಯಾಲಯ ಆ ವರ್ಷ ಸಾರಿತ್ತು. ಅದಕ್ಕೆ ಬಾಯಿಗೆ ಬಂದಂತೆ ಬೈದವರಲ್ಲಿ ಈ ಅಪ್ಪನೇ ಮೊದಲಿಗರು. ಬೈಯದೆ ಇನ್ನೇನು? ಆ ಪರೀಕ್ಷೆಗೆ ತರಬೇತಿ ಕೊಡುವ ಊರಿನ ಅತಿ ದೊಡ್ಡ ಕ್ಲಾಸು ಅವರದೇ. ಹೊಸದಾಗಿ ‘ಉಕ್ಕಿನ ಬ್ಯಾಚ್’ ಬೇರೆ ಹುಟ್ಟುಹಾಕಿದ್ದರು. ಆಟವಿಲ್ಲ, ಗೆಳತಿಯರಿಲ್ಲ, ಊಟದ ತಟ್ಟೆಯ ಪಕ್ಕದಲ್ಲೂ ಪ್ರಶ್ನೆಪತ್ರಿಕೆ. ಪ್ರಯೋಗಕ್ಕೆಂದು ಮಗಳನ್ನೇ ಎರಡು ವರ್ಷ ಕೂರಿಸಿದ್ದರು. ಅವಳು ಗೆದ್ದರೆ ಊರಿನವರಿಗೆಲ್ಲ ತೆರೆಯುವ ಯೋಚನೆ.

ಫಲಿತಾಂಶ ಬರುವುದು ಬರೆದವರ ಫೋನಿಗೆ ಮಾತ್ರ. ಅಂದು ಮಗಳು ಕೆಂಪಗಾದ ಕಣ್ಣುಗಳೊಂದಿಗೆ ಕೋಣೆಯಿಂದ ಹೊರಬಂದಳು.

“ಅಪ್ಪಾ, ಅಂಕ ಕೊಡದೇನೇ ಅರ್ಜಿ ಹಾಕ್ತೀನಿ.”

“ಎಷ್ಟು ಬಂತೇ?” ಎಂದು ಅಮ್ಮ ಕೇಳುವಷ್ಟರಲ್ಲಿ ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. “ಬೇಡ! ಈ ಮನೇಲಿ ಅದರ ಬಗ್ಗೆ ಯಾರೂ ಬಾಯಿ ಬಿಡಬೇಡಿ. ಹೊರಗೆ ಗೊತ್ತಾದ್ರೆ ಕ್ಲಾಸಿಗೆ ಬೀಗ ಹಾಕ್ಬೇಕಾಗುತ್ತೆ.”

ಉಕ್ಕಿನ ಬ್ಯಾಚಿನ ಜಾಹೀರಾತನ್ನು ಅಂದೇ ರದ್ದು ಮಾಡಿಸಿದರು. ಮರುದಿನದಿಂದ ವ್ಯಕ್ತಿತ್ವದ ತಯಾರಿಕೆ ಶುರುವಾಯಿತು. ಮಗಳು ಸಸಿ ನೆಟ್ಟಳು; ಫೋಟೋಗೆ ಬೆಳಕು ಸಾಲದೆ ಅದನ್ನೇ ಕಿತ್ತು ಬಿಸಿಲಿನಲ್ಲಿ ನೆಟ್ಟಳು. ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿಯ ತಲೆ ಬಾಚಿದಳು. ಫೋಟೋಗ್ರಾಫರ್ ತಡವಾಗಿ ಬಂದದ್ದರಿಂದ ಕೆದರಿ ಮತ್ತೊಮ್ಮೆ ಬಾಚಿದಳು. ಅಜ್ಜಿ ಏನೋ ಪೋಲಿ ಮಾತು ಹೇಳಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವಳಿಗೆ ನಗಲು ಬರುತ್ತದೆ ಎಂಬುದನ್ನೇ ಅಮ್ಮ ಮರೆತಿದ್ದರು.

ಸಂದರ್ಶನದ ಕೋಣೆಯಲ್ಲಿ ಪ್ರಾಧ್ಯಾಪಕಿ ಒಬ್ಬರೇ ಇದ್ದರು. ಫೋಟೋಗಳನ್ನು ಪಕ್ಕಕ್ಕೆ ಸರಿಸಿದರು.

“ಬೆಳಗ್ಗೆಯಿಂದ ಇವನ್ನೇ ನೋಡ್ತಿದ್ದೀನಮ್ಮಾ. ಅದೇ ಅಜ್ಜಿ, ಬಾಚೋರು ಮಾತ್ರ ಬೇರೆ.” ಆಮೇಲೆ ದನಿ ತಗ್ಗಿಸಿದರು. “ನಾವು ಅಂಕ ನೋಡೋದೇ ಇಲ್ಲ. ಆದ್ರೂ ಸುಮ್ನೆ ಕೇಳ್ತೀನಿ, ಎಷ್ಟು ಬಂತು? ಕಡಿಮೆ ಆಗಿದ್ರೂ ಹೆದರಬೇಡ.”

ಮಗಳು ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದಳು. ಫೋನು ತೆರೆದು ಮುಂದಿಟ್ಟಳು.

ಪ್ರಾಧ್ಯಾಪಕಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಇಡೀ ಪರೀಕ್ಷೆಗೇ ಮೊದಲನೆಯವಳು! ಇದನ್ನ ಯಾಕಮ್ಮಾ ಬಚ್ಚಿಟ್ಟೆ?”

“ಅಪ್ಪನಿಗೆ ಗೊತ್ತಾದ್ರೆ, ಊರಿನ ಮಕ್ಕಳನ್ನೆಲ್ಲ ನನ್ನ ಹಾಗೇ ಓದಿಸ್ತಾರೆ ಮೇಡಂ.”