ಶ್ರೀಹರ್ಷರ ಕುರ್ಚಿಯಲ್ಲಿ ಮಯಿಲ್‌ಸಾಮಿ

ತರಬೇತಿ ಸಭಾಂಗಣದ ಮೇಜಿನ ಮೇಲೆ ಹನ್ನೆರಡು ಬ್ಯಾಡ್ಜುಗಳಿದ್ದವು. ‘ಶ್ರೀಹರ್ಷ, ಹಿರಿಯ ಎಚ್‌ಆರ್ ಮ್ಯಾನೇಜರ್’ ಎಂದಿದ್ದುದನ್ನು ಎತ್ತಿ ಮಯಿಲ್‌ಸಾಮಿ ಕೊರಳಿಗೆ ಹಾಕಿಕೊಂಡ. ಯಾರೂ ಕೂಗಲಿಲ್ಲ, ಯಾರೂ ಹಿಡಿಯಲಿಲ್ಲ. ಹೋಗಿ ಕೊನೆಯ ಸಾಲಿನಲ್ಲಿ ಕುಳಿತ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಅವನು ಇಪ್ಪತ್ತಮೂರು ವರ್ಷದಿಂದ ಕಟಿಂಗ್ ಮಾಸ್ಟರ್. ಬಟ್ಟೆ ಕತ್ತರಿಸುವ ಕಂಪ್ಯೂಟರ್ ಯಂತ್ರ ಬರುವ ತಿಂಗಳು ಬರಲಿತ್ತು. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬ ಪಟ್ಟಿ ತಯಾರಾಗುತ್ತಿದೆ ಎಂದು ಎಲ್ಲರೂ ಪಿಸುಗುಟ್ಟುತ್ತಿದ್ದರು. ಅಂಥ ಹೊತ್ತಿನಲ್ಲೇ ಶ್ರೀಹರ್ಷ ಅವನನ್ನು ಕೋಣೆಗೆ ಕರೆಸಿದ್ದ.

“ಆನೈಮಲೈನಲ್ಲಿ ಎರಡು ದಿನದ ತರಬೇತಿ. ಹಿರಿಯ ಎಚ್‌ಆರ್ ಮ್ಯಾನೇಜರ್‌ಗಳಿಗೆ. ನನಗೆ ಬಿಡುವಿಲ್ಲ. ನನ್ನ ಹೆಸರಲ್ಲಿ ನೀವು ಹೋಗಿ ಬನ್ನಿ.”

“ನಾನಾ ಸಾರ್? ಮಾಟಿಕೊಂಡ್ರೆ?”

“ಸಿಕ್ಕಿಬಿದ್ದರೆ ನೀವ್ಯಾರೋ ನಾನ್ಯಾರೋ. ಸಿಕ್ಕಿಬೀಳದೆ ಬಂದರೆ ನಿಮ್ಮ ಕೆಲಸಕ್ಕೆ ತೊಂದರೆ ಇಲ್ಲ.” ಶ್ರೀಹರ್ಷ ತನ್ನ ಕೋಟನ್ನೇ ಕೊಟ್ಟ. ತೋಳು ಎರಡಿಂಚು ಉದ್ದವಾಗಿತ್ತು.

ತರಬೇತುದಾರ ಜಯರಾಮನ್ ಸಣಕಲು ಮನುಷ್ಯ. ಕೈಯಲ್ಲಿ ಒಂದು ನೋಟ್‌ಬುಕ್. ತಮಿಳಿನಲ್ಲೇ ಮಾತಾಡಿದರು. ಆದರೆ ಅವರು ಪ್ರಶ್ನೆ ಕೇಳುವ ರೀತಿ ವಿಚಿತ್ರವಾಗಿತ್ತು.

“ಹೊಸಬರು ಮೂರೇ ತಿಂಗಳಲ್ಲಿ ಕೆಲಸ ಬಿಡುತ್ತಾರೆ. ಏಕೆ? ಮೆಲ್ವಿನ್ ಅವರ ಕುರ್ಚಿಯಿಂದ ಏನು ಉತ್ತರ?”

ಮುಂದಿನ ಸಾಲಿನ ಮೆಲ್ವಿನ್ ಎದ್ದು ನಿಂತು ಕಾಂಪಿಟೆನ್ಸಿ ಮ್ಯಾಟ್ರಿಕ್ಸ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಜಯರಾಮನ್ ಒಂದೇ ಅಕ್ಷರ ಬರೆದುಕೊಂಡರು.

“ವಿನೋದಿನಿ ಅವರ ಕುರ್ಚಿ?”

‘ವಿನೋದಿನಿ, ಉಪಾಧ್ಯಕ್ಷೆ’ ಎಂಬ ಬ್ಯಾಡ್ಜು ಹಾಕಿಕೊಂಡಿದ್ದ ದಪ್ಪನೆಯ ಹೆಂಗಸು ಗಂಟಲು ಸರಿಮಾಡಿಕೊಂಡಳು. “ಸಾಂಬಾರ್ ನೀರಾಗಿದ್ದರೆ ಮೂರು ತಿಂಗಳೂ ಬೇಡ, ಮೂರೇ ದಿನ ಸಾಕು.”

ಜಯರಾಮನ್ ಇಡೀ ಪುಟ ಬರೆದರು. ದೊಡ್ಡ ಹುದ್ದೆಯವರು ಎಷ್ಟು ಸರಳವಾಗಿ ಮಾತಾಡುತ್ತಾರೆ ಎಂದು ಮಯಿಲ್‌ಸಾಮಿ ಬೆರಗಾದ.

ಊಟದ ಹೊತ್ತಿಗೆ ಮೆಲ್ವಿನ್ ತಟ್ಟೆ ಹಿಡಿದು ಪಕ್ಕಕ್ಕೇ ಬಂದ. ಮಂಗಳೂರಿನವನಂತೆ. “ಶ್ರೀಹರ್ಷ ಅಂದರೆ ನಮ್ಮ ಕಡೆಯವರೇ ಅಲ್ಲವಾ? ಯಾವೂರು?”

ಮಯಿಲ್‌ಸಾಮಿಯ ಮನೆಮಾತು ಕನ್ನಡವೇ. ಆದರೆ ಅದು ತಾತನ ತಾತ ಮಗ್ಗದ ಕೆಲಸಕ್ಕೆಂದು ಇತ್ತ ಬಂದ ಕಾಲದ್ದು. ಅರ್ಧಕ್ಕರ್ಧ ತಮಿಳು ಬೆರೆತಿತ್ತು.

“ಮೈಸೂರ್ ಪಕ್ಕಂ ಸಾರ್.”

“ಪಕ್ಕಂ? ನಿಮ್ಮ ಕನ್ನಡ ಬೇರೆ ಥರ ಇದೆಯಲ್ಲ!”

“ತಿರುಪ್ಪೂರ್ ತಣ್ಣಿ ಸಾರ್. ನಾಲ್ಕು ವರ್ಷ ಕುಡುದ್ರೆ ನಾಲಗೇನೇ ಮಾರಿ ಬೇರೆಯಾಗಿ ಹೋಗ್ತದೆ.”

ಮೆಲ್ವಿನ್ ನಗಲಿಲ್ಲ. ಆಮೇಲೆ ಅವನ ಕಣ್ಣು ಮಯಿಲ್‌ಸಾಮಿಯ ಬೆರಳುಗಳ ಮೇಲೇ ಇತ್ತು. ಕತ್ತರಿ ಹಿಡಿದು ಗಂಟುಗಟ್ಟಿದ ಬೆರಳುಗಳು. ಮಯಿಲ್‌ಸಾಮಿ ಅವನ್ನು ಉದ್ದ ತೋಳಿನೊಳಗೆ ಎಳೆದುಕೊಂಡ.

ಎರಡನೆಯ ದಿನ ಜಯರಾಮನ್ ಹೊಸ ಸಮಸ್ಯೆಯೊಂದನ್ನು ಮುಂದಿಟ್ಟರು. ಒಂದು ಕಂಪನಿಗೆ ಕಟಿಂಗ್ ಯಂತ್ರ ಬರುತ್ತದೆ. ಅಲ್ಲಿರುವ ಹಳೆಯ ಮಾಸ್ಟರ್‌ಗಳಿಗೆ ಯಾವ ತರಬೇತಿ ಕೊಡಬೇಕು?

“ಯಾವುದೂ ಬೇಡ,” ಎಂದ ಮೆಲ್ವಿನ್. “ಐವತ್ತು ದಾಟಿದ ಕೈ ಹೊಸದು ಕಲಿಯುವುದಿಲ್ಲ. ಮೊದಲು ಕಳಿಸಬೇಕಾದವರೇ ಅವರು.”

ಬಾಯಿ ಬಿಡಬಾರದು ಎಂದು ಮಯಿಲ್‌ಸಾಮಿ ಹಲ್ಲು ಕಚ್ಚಿದ. ಆದರೂ ಎದ್ದು ನಿಂತಿದ್ದ.

“ಯಂತ್ರ ಚೆನ್ನಾಗಿ ಕತ್ತರಿಸುತ್ತದೆ ಸಾರ್, ಒಪ್ಪಿದೆ. ಆದರೆ ಆಗಷ್ಟೇ ರೋಲ್ ಬಿಚ್ಚಿದ ಬಟ್ಟೆಯನ್ನು ಒಂದು ದಿನ ಸುಮ್ಮನೆ ಹರಡಿಡಬೇಕು. ಇಲ್ಲದಿದ್ದರೆ ಕತ್ತರಿಸಿದ ಮೇಲೆ ಕುಗ್ಗುತ್ತದೆ. ಬಟ್ಟೆಯ ಬಿಗಿ ಇಳಿಯಿತೇ ಇಲ್ಲವೇ ಅಂತ ಕೈಗೆ ಗೊತ್ತು, ಯಂತ್ರಕ್ಕೆ ಯಾರು ಹೇಳುತ್ತಾರೆ? ಹೊಸಬರು ಬಂದರೆ ಮೊದಲ ವಾರ ನಾನು ಕತ್ತರಿಯನ್ನೇ ಕೊಡುವುದಿಲ್ಲ. ಬರೀ ಬಟ್ಟೆ ಮುಟ್ಟಿಸುತ್ತೇನೆ. ಅದನ್ನು ಕಲಿಸಿದವರನ್ನೇ ಕಳಿಸಿದರೆ ಯಂತ್ರದ ಪಕ್ಕ ಯಾರು ನಿಲ್ಲುತ್ತಾರೆ?”

ಮೆಲ್ವಿನ್ ಬೆರಳು ಚಾಚಿದ. “ಯಾವ ಎಚ್‌ಆರ್ ಮ್ಯಾನೇಜರ್ ಕತ್ತರಿ ಕೊಡುತ್ತಾನೆ? ನೀವು ಶ್ರೀಹರ್ಷ ಅಲ್ಲ!”

ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಮಯಿಲ್‌ಸಾಮಿ ಬ್ಯಾಡ್ಜು ಕಳಚಿದ. ವಿಚಿತ್ರವೆಂದರೆ ಎದೆ ಹಗುರಾಯಿತು. “ಅಲ್ಲ ಸಾರ್. ನಾನು ಮಯಿಲ್‌ಸಾಮಿ. ಕಟಿಂಗ್ ಮಾಸ್ಟರ್.”

ಕುರ್ಚಿಯೊಂದು ಕಿರುಗುಟ್ಟಿತು. ದಪ್ಪನೆಯ ಹೆಂಗಸು ಎದ್ದಿದ್ದಳು. “ನಾನೂ ಉಪಾಧ್ಯಕ್ಷೆ ಅಲ್ಲ. ಪಂಕಜಂ. ಮಿಲ್ಲಿನ ಕ್ಯಾಂಟೀನು.”

ಆಮೇಲೆ ಒಬ್ಬೊಬ್ಬರಾಗಿ ಏಳತೊಡಗಿದರು. ಒಬ್ಬರು ಬಾಯ್ಲರ್ ನೋಡಿಕೊಳ್ಳುವವರು. ಒಬ್ಬರು ಧಾರಾಪುರಂ ರಸ್ತೆಯಲ್ಲಿ ಕಂಪನಿ ಬಸ್ಸು ಓಡಿಸುವವರು. ಒಬ್ಬರು ಹಾಸ್ಟೆಲ್ ವಾರ್ಡನ್. ಹನ್ನೊಂದು ಬ್ಯಾಡ್ಜುಗಳು ಮೇಜಿಗೆ ಬಿದ್ದವು.

ಕೊರಳಲ್ಲಿ ಬ್ಯಾಡ್ಜು ಉಳಿದದ್ದು ಮೆಲ್ವಿನ್‌ಗೆ ಮಾತ್ರ. ಅವನು ಎದೆಯುಬ್ಬಿಸಿ ಫೋನ್ ತೆಗೆದ. “ಇಡೀ ಜಿಲ್ಲೆಗೆ ತಿಳಿಸುತ್ತೇನೆ. ಹನ್ನೊಂದು ಮೋಸಗಾರರು! ನಿಜವಾದ ಮ್ಯಾನೇಜರ್ ಇಲ್ಲಿ ನಾನೊಬ್ಬನೇ!”

“ಗೊತ್ತು, ಕೂತುಕೊಳ್ಳಿ,” ಎಂದರು ಜಯರಾಮನ್. ಮಯಿಲ್‌ಸಾಮಿಯತ್ತ ತಿರುಗಿ ನೋಟ್‌ಬುಕ್ಕಿನಿಂದ ಒಂದು ಹಾಳೆ ತೆಗೆದು ಓದಿದರು. “‘ಇವರು ಕಲಿಸಿದವರು ಯಾರೂ ಕೆಲಸ ಬಿಟ್ಟು ಹೋಗಿಲ್ಲ. ಯಂತ್ರ ಬಂದ ಮೇಲೆ ನಮ್ಮ ತರಬೇತಿ ವಿಭಾಗಕ್ಕೆ ಇವರೇ ಬೇಕು.’ ನಿಮ್ಮ ಶ್ರೀಹರ್ಷ ಹೋದ ತಿಂಗಳೇ ಬರೆದು ಕಳಿಸಿದ್ದಾರೆ.”

ಮಯಿಲ್‌ಸಾಮಿ ಇನ್ನೂ ನಿಂತೇ ಇದ್ದ. ಪಂಕಜಂ ಅವನ ತೋಳು ಹಿಡಿದು ಕೂರಿಸಿದಳು.

ಜಯರಾಮನ್ ಮೆಲ್ವಿನ್‌ನ ಮುಂದೆ ಹೋಗಿ ನಿಂತರು. ದನಿಯಲ್ಲಿ ನಿಜವಾದ ಮರುಕವಿತ್ತು. “ಹನ್ನೆರಡೂ ಮ್ಯಾನೇಜರ್‌ಗಳಿಗೆ ಬರೆದಿದ್ದೆ ಸಾರ್: ನಿಮ್ಮಲ್ಲಿ ಚೆನ್ನಾಗಿ ಕಲಿಸಬಲ್ಲ ಒಬ್ಬರನ್ನು ಹುಡುಕಿ, ಅವರಿಗೆ ಗುಟ್ಟು ಬಿಟ್ಟುಕೊಡದೆ, ನಿಮ್ಮ ಹೆಸರಿನಲ್ಲೇ ಕಳಿಸಿ. ಆ ಹುಡುಕಾಟವೇ ಪರೀಕ್ಷೆ. ಹನ್ನೊಂದು ಜನ ಪಾಸಾದರು.”

ಅವರೇ ಮೆಲ್ಲಗೆ ಮುಂದುವರಿಸಿದರು: “ಫೇಲಾದವರು ಒಬ್ಬರೇ. ನೀವು ಪತ್ರದಲ್ಲಿ ತಾರೀಕು, ಜಾಗ ಮಾತ್ರ ಓದಿ ಖುದ್ದಾಗಿ ಬಂದುಬಿಟ್ಟಿರಿ.”