ಒಂದು ತುತ್ತು ಹಳೇ ಚೀಸ್

"ಈ ಸೂಕ್ಷ್ಮಾಣು ನನ್ನ ಲ್ಯಾಬಲ್ಲೇ ಹುಟ್ಟಿದ್ದು ಮೇಡಂ. ಇದು ಕೊಡೋ ರುಚಿ ಬೇರೆ ಯಾವ ಚೀಸಿಗೂ ಬರಲ್ಲ," ಎಂದು ವಿಜ್ಞಾನಿ ವಗ್ದಿ ಮೇಜು ಕುಟ್ಟಿದ. ಅವನ ತಲೆ ನರೆತದ್ದೇ ಈ ಕೆಲಸದಲ್ಲಿ.

ಕೈರೋದ ಪೇಟೆಂಟ್ ಕಚೇರಿಯ ಪರೀಕ್ಷಕಿ ಸಮೀಹಾ ಊಟದ ಡಬ್ಬಿ ತೆರೆದಳು. "ಪ್ರಕೃತಿಯಲ್ಲಿ ಮೊದ್ಲೇ ಇದ್ದಿದ್ದಕ್ಕೆ ಪೇಟೆಂಟ್ ಸಿಗಲ್ಲ ಡಾಕ್ಟ್ರೇ. ಅದಿರ್ಲಿ, ಒಂದು ತುತ್ತು ತಿನ್ನಿ. ನೀವು ನೋಡ್ತಾ ಕೂತ್ರೆ ನನ್ನ ಗಂಟಲಲ್ಲಿ ಇಳಿಯಲ್ಲ."

ಬೇಡ ಎನ್ನಲಾದೀತೇ? ವಗ್ದಿ ರೊಟ್ಟಿ ಮುರಿದು, ಡಬ್ಬಿಯಲ್ಲಿದ್ದ, ವರ್ಷಗಟ್ಟಲೆ ಹುಳಿಸಿಟ್ಟ ಮೆತ್ತನೆಯ ಹಳೇ ಚೀಸಿನಲ್ಲಿ ಅದ್ದಿ ಬಾಯಿಗಿಟ್ಟ. ಅಗಿಯುತ್ತಿದ್ದ ದವಡೆ ತಟ್ಟನೆ ನಿಂತಿತು.

"ಇದು ನಂದು! ಅದೇ ರುಚಿ! ನನ್ನ ಲ್ಯಾಬಿಂದ ಕದ್ದು ತಂದ್ಕೊಟ್ಟೋರು ಯಾರು, ಹೇಳಿ!"

ಸಮೀಹಾ ಡಬ್ಬಿಯನ್ನು ಅವನತ್ತ ಇನ್ನಷ್ಟು ಸರಿಸಿದಳು. "ನಮ್ಮಜ್ಜಿ ಕೊಟ್ಟಿದ್ದು ಡಾಕ್ಟ್ರೇ. ಅವರಿಗೆ ಅವರತ್ತೆ ಕೊಟ್ಟಿದ್ದ ಮಡಕೇದು. ತಿನ್ನಿ, ಇನ್ನೂ ಇದೆ."