ಸಾಕ್ಷಿಗೆ ಕೊಟ್ಟ ಬೆಳಗು

ಪಕ್ಕದ ಮನೆಯ ಮೆಹರುನ್ನೀಸಾಳ ಹೊಲಿಗೆ ಮಷೀನನ್ನು ಕಳ್ಳ ಹೊತ್ತೊಯ್ದದ್ದನ್ನು ಗೌರವ್ವ ಬೆಳಗ್ಗೆ ಕಣ್ಣಾರೆ ಕಂಡಿದ್ದಳು. ಫೋನ್ ಮಾಡಿದರೆ ಪೊಲೀಸರು ಬಂದು, ಕಣ್ಣಾರೆ ಕಂಡವರೆಲ್ಲರಿಗೂ ಮಾಡುವಂತೆ, ಅವಳ ತಲೆಯಿಂದ ಆ ಬೆಳಗಿನ ನೆನಪನ್ನು ಪೂರ್ತಿ ಸಾಕ್ಷಿಗೆಂದು ತೆಗೆದುಕೊಂಡು ಹೋಗುತ್ತಾರೆ. ವಾಪಸು ಕೊಡುವುದಿಲ್ಲ. ಅದೇ ಬೆಳಗ್ಗೆ ಮೊಮ್ಮಗಳು ಮೊದಲ ಸಲ ಬಾಯಿ ತೆರೆದು ಅವಳನ್ನು "ಆಯಿ" ಎಂದು ಕರೆದಿದ್ದಳು. ಗೌರವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

"ಸುಮ್ಮನಿರ್ರಿ ಅತ್ತಿ, ನೀವು ನೋಡಿದ್ದು ಯಾರಿಗೆ ಗೊತ್ತೈತಿ?" ಎಂದಳು ಸೊಸೆ.

"ನನಗ ಗೊತ್ತೈತಲ್ಲ. ಆಕಿ ಹೊಟ್ಟಿ ಮ್ಯಾಲೆ ಹೊಡದಾನ ಅಂವ."

ಗೌರವ್ವ ಕೂಸಿನ ಕೆನ್ನೆ ಸವರಿ ಫೋನ್ ಎತ್ತಿದಳು.

ವಾರದೊಳಗೆ ಪಕ್ಕದ ಮನೆಯಲ್ಲಿ ಮಷೀನು ಮತ್ತೆ ಸದ್ದು ಮಾಡಿತು. ಇತ್ತ ಕೂಸು "ಆಯಿ" ಎಂದಿತು. ಗೌರವ್ವ ಸಕ್ಕರೆ ಡಬ್ಬಿ ಹಿಡಿದು ಎದೆಯುಬ್ಬಿಸಿ ಹೊರಗೋಡಿದಳು.

"ಕೂಸು ಮಾತಾಡ್ತವ್ವಾ! ಮೊದಲ ಕರದದ್ದು ನನ್ನ!"

ಮೆಹರುನ್ನೀಸಾ ಹೊಲಿಗೆ ಬಿಟ್ಟು ಬಂದು ಮೊದಲು ಕೈಯೊಡ್ಡಿದಳು. ಓಣಿಯವರೆಲ್ಲ ಸಕ್ಕರೆ ತಿಂದರು. ಇದು ಎರಡನೇ ಸಲ ಎಂದು ಒಬ್ಬರೂ ಹೇಳಲಿಲ್ಲ.